ಚಿಕ್ಕವ್ವ ಸುಟ್ಟ ಇದ್ದಲು

ಕಳೆದ ವರ್ಷ ನನ್ನ ಸಂಶೋಧನಾ ಪ್ರಬಂಧದ ಕೊನೆಯ ಅಧ್ಯಾಯ ಬಾಕಿಯಿತ್ತು: ನಮ್ಮ ದೇಶದಲ್ಲೂ ಟಾಂಜಾನಿಯಾದಲ್ಲೂ ಮೂವತ್ತು ವರ್ಷಗಳಲ್ಲಿ ಇದ್ದಲಿನ ಉತ್ಪಾದನೆ ಹೇಗೆ ಬದಲಾಯಿತು ಎಂಬ ಹೋಲಿಕೆ. ಹಗಲು ಚಾಮರಾಜನಗರದ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿ ಪಾಠ, ಬಸ್ಸಿನಲ್ಲಿ ನಿಂತು ಗುಂಡ್ಲುಪೇಟೆಗೆ ವಾಪಸು, ಅಡುಗೆ ಮುಗಿಸಿ ಅಂಕಿಗಳ ಮುಂದೆ ಕೂರುವುದು. ನಲವತ್ತೆಂಟನೇ ವಯಸ್ಸಿಗೆ ಪಿಎಚ್.ಡಿ. ಪದವಿಯ ಆಸೆ ಇರಲಿಲ್ಲ. ಅದಿಲ್ಲದೆ ಕೆಲಸ ಹೋದೀತೆಂಬ ಭಯವಿತ್ತು, ಅಷ್ಟೇ.

ಟಾಂಜಾನಿಯಾದ ಅಂಕಿ ಮೇಲೇರುತ್ತಿತ್ತು. ಅಲ್ಲಿ ಪಟ್ಟಣದ ಎಷ್ಟೋ ಮನೆಗಳಲ್ಲಿ ಅಡುಗೆಯೇ ಇದ್ದಲಿನ ಮೇಲೆ. ನಮ್ಮ ದೇಶದ ಸಾಲಿನಲ್ಲಿ ಅಂಕಿಗಳ ಪಕ್ಕ ‘ಅಂದಾಜು’ ಎಂಬ ಗುರುತು. ಯಾರ ಅಂದಾಜು ಎಂದು ಬರೆದಿರಲಿಲ್ಲ. ಆಗ ಬೇಗೂರಿನ ಹತ್ತಿರದ ಹಳ್ಳಿಯಲ್ಲಿರುವ ಚಿಕ್ಕವ್ವ ನೆನಪಾದಳು. ತಾಯಿ ಇಲ್ಲದ ನನ್ನನ್ನು ಜಾಲಿ ಕಡಿದು, ಇದ್ದಲು ಸುಟ್ಟು ಸಾಕಿದವಳು. ಒಂದು ಭಾನುವಾರ ಹೋದೆ.

"ಆಗ ವರ್ಷಕ್ಕೆ ಎಷ್ಟು ಮೂಟೆ ಸುಡ್ತಿದ್ದೆ ಚಿಕ್ಕವ್ವ?"

"ಯಾರ್ ಎಣ್ಸಿದ್ರು ಮಗ? ಲಾರಿ ಬರದು, ತುಂಬ್ಕಂಡು ಓಗದು. ಕೇಳಕ್ ಬಂದೋಳು ನೀನೇ ಮೊದ್ಲು ಕಣಮ್ಮಿ."

ಬೇರೇನೂ ತೋಚದೆ ಫೋನಿನಲ್ಲಿದ್ದ ಚಿತ್ರ ತೋರಿಸಿದೆ. ಟಾಂಜಾನಿಯಾದ ಹೆಂಗಸೊಬ್ಬಳು ಮಣ್ಣು ಮೆತ್ತಿದ ಇದ್ದಲು ಗೂಡಿನ ಮೇಲೆ ನಿಂತು ಸಲಿಕೆಯಲ್ಲಿ ಬಿರುಕು ಮುಚ್ಚುತ್ತಿದ್ದಾಳೆ. ಒಳಗೆ ಸೌದೆ ದಿನಗಟ್ಟಲೆ ಬೇಯುತ್ತಿರುತ್ತದೆ. ಗಾಳಿ ನುಗ್ಗಿದರೆ ಎಲ್ಲ ಬೂದಿ. ಚಿಕ್ಕವ್ವ ಫೋನನ್ನು ಕಣ್ಣಿನ ಹತ್ತಿರ ಹಿಡಿದಳು.

"ಅಯ್ಯೋ, ಇವ್ಳು ಅಲ್ಲಿ ನಿಂತ್ಕಬಾರ್ದು. ನೋಡು, ಆ ಜಾಗ ಕುಸ್ದದೆ, ಒಳ್ಗೆ ಪೊಳ್ಳಾಗದೆ. ನನ್ ಕಾಲು ಬೆಂದಿದ್ದೂ ಇಂಗೇಯ."

ಅವಳ ಎಡಗಾಲು ಮೊಣಕಾಲಿನ ತನಕ ಸುಟ್ಟು ಸುಕ್ಕುಗಟ್ಟಿದೆ. ನಾನು ಡಿಗ್ರಿಯ ಕೊನೆಯ ಪರೀಕ್ಷೆ ಮುಗಿಸಿ ಮೈಸೂರಿನ ಹಾಸ್ಟೆಲಿನಿಂದ ಬಂದಾಗ ಕಾಲಿಗೆ ಬಟ್ಟೆ ಸುತ್ತಿಕೊಂಡು ಕೂತಿದ್ದಳು.

"ಗಂಜಿ ಚೆಲ್ತು ಅಂದಿದ್ದೆ ನೀನು."

"ಗೂಡು ಅಂದಿದ್ರೆ ನೀನು ಎಮ್ಮೆಗೆ ಓಗ್ತಿದ್ಯಾ? ಪುಸ್ತಕ ಬಿಸಾಕ್ಬುಟ್ಟು ಇಲ್ಲೇ ಕುಂತ್ಕತಿದ್ದೆ." ಎಂ.ಎ. ಅವಳ ಬಾಯಲ್ಲಿ ಯಾವತ್ತೂ ಎಮ್ಮೆಯೇ. ಫೋನ್ ವಾಪಸು ಕೊಡುತ್ತಾ ಕೇಳಿದಳು, "ಇವ್ಳಿಗೆ ಯಾರಾರ ಯೋಳ್ತಾರಾ?"

ಚಿತ್ರ ತೆಗೆದು ಎಷ್ಟು ವರ್ಷವಾಗಿತ್ತೋ. ಚಿಕ್ಕವ್ವನ ಮೇಲೆ ಸಿಟ್ಟು ಬರಲಿಲ್ಲ, ಅಳುವೂ ಬರಲಿಲ್ಲ. ಸುಸ್ತಾಯಿತು. ಒಳಗಿನಿಂದ ಕೊಬ್ಬರಿ ಎಣ್ಣೆ ತಂದು ಅವಳ ಕಾಲಿಗೆ ಹಚ್ಚುತ್ತಾ ಕೂತೆ. ಬೇಡ ಅನ್ನಲಿಲ್ಲ.

ಮಾರನೆಯ ದಿನ ನನ್ನ ಮಾರ್ಗದರ್ಶಕರಿಗೆ ಫೋನಿನಲ್ಲಿ ಎಲ್ಲ ಹೇಳಿದೆ. "ಅದು ಕೋಷ್ಟಕದಲ್ಲಿ ಬರಲ್ಲವಲ್ಲಮ್ಮ. ಬೇಕಾದರೆ ಮುನ್ನುಡಿಯಲ್ಲಿ ಬರೀರಿ" ಎಂದರು. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ನಾಲ್ಕು ಸಾಲು ಬರೆದು, ಮುಂದಿನ ಭಾನುವಾರ ಚಿಕ್ಕವ್ವನಿಗೆ ಓದಿ ಹೇಳಿದೆ.

"ನಾನು ಸುಳ್ಳು ಯೋಳಿದ್ದೂ ಬರ್ದಿದ್ದೀಯಾ? ಅದೊಂದ್ ತಗ್ದಾಕು."

ತೆಗೆದೆ. ಮೂರು ಸಾಲು ಉಳಿಯಿತು. ಪ್ರಬಂಧ ಒಪ್ಪಿಗೆಯಾಯಿತು. ಈ ವರ್ಷದ ಮಟ್ಟಿಗೆ ಕೆಲಸವೂ ಇದೆ.