ಅರ್ಧ ಬ್ಯಾಟರಿಯ ಬೈಕು

ನಾವು ವಿದೇಶದಲ್ಲಿ ವಾಸವಿದ್ದ ಕ್ಲೈಡ್ ನಾರ್ತ್ ಬಡಾವಣೆಯಲ್ಲಿ ನಮಗೊಬ್ಬರು ನೆರೆಯವರಿದ್ದರು, ಉಡುಪಿ ಕಡೆಯವರು. ಹಳೆಯ ಬೈಕೊಂದರ ಎಂಜಿನ್ ಕಿತ್ತು, ಗ್ಯಾರೇಜಿನಲ್ಲಿ ಅದನ್ನು ಎಲೆಕ್ಟ್ರಿಕ್ ಮಾಡುತ್ತಿದ್ದರು. ಏನು ಕೇಳಿದರೂ ಅಂಗೈಗಳನ್ನು ತಕ್ಕಡಿಯಂತೆ ಏರಿಳಿಸಿ, "ಒಂದು ಬೇಕಾದ್ರೆ ಇನ್ನೊಂದು ಬಿಡ್ಬೇಕು ಮಾರಾಯ್ರೆ" ಎನ್ನುತ್ತಿದ್ದರು. ಬಹುದೂರ ಓಡಲೆಂದು ಇಟ್ಟ ದೊಡ್ಡ ಬ್ಯಾಟರಿ ಹಿಂದಿನ ಸೀಟಿನ ಜಾಗವನ್ನೇ ನುಂಗಿತ್ತು.

ಅವರ ಹೆಂಡತಿ ಬಂದು ನೋಡಿದರು. "ಚಂದ ಉಂಟು. ಇನ್ನು ಬ್ಯಾಟರಿಯನ್ನೇ ಕೂರಿಸಿಕೊಂಡು ತಿರುಗಿ."

ಮರುವಾರ ಬ್ಯಾಟರಿ ಅರ್ಧವಾಗಿತ್ತು, ಸೀಟು ಬಂದಿತ್ತು. ಮೂವತ್ತು ಕಿಲೋಮೀಟರ್ ದೂರದ ಗ್ಲೆನ್ ವೇವರ್ಲಿಯಲ್ಲಿರುವ ಆಕೆಯ ತಂಗಿಯ ಮನೆಗೆ ಇಬ್ಬರೂ ಹೋಗಿ, ನಡುವೆ ಎಲ್ಲೂ ಚಾರ್ಜ್ ಮಾಡದೆ ಮರಳಬೇಕು, ಅದೇ ಪರೀಕ್ಷೆ. ಅವರು ಹೊರಟಾಗ ಬೀದಿಯವರೆಲ್ಲ ಚಪ್ಪಾಳೆ ತಟ್ಟಿದ್ದು ನಿಜವೋ, ನನ್ನ ಉತ್ಸಾಹ ಆಮೇಲೆ ಸೇರಿಸಿದ್ದೋ ಹೇಳಲಾರೆ. ಸಂಜೆ ಬೈಕು ಸದ್ದಿಲ್ಲದೆ ತಿರುವಿನಲ್ಲಿ ಕಾಣಿಸಿದಾಗ ನಾನು ಬರಿಗಾಲಲ್ಲಿ ಓಡಿದ್ದಂತೂ ನಿಜ.

ಮನೆಯ ಮುಂದೆ ನಿಲ್ಲಿಸಿ ಅವರು ಹೆಲ್ಮೆಟ್ ತೆಗೆದರು. ಆಕೆ ಇಳಿಯಲಿಲ್ಲ. ಗಂಡನ ಭುಜದ ಮೇಲಿಂದ ಬಗ್ಗಿ ಮೀಟರ್ ನೋಡಿ ಹೇಳಿದರು: "ಇನ್ನೂ ಸ್ವಲ್ಪ ಉಂಟಲ್ಲ. ಹೆಲ್ಮೆಟ್ ಹಾಕಿ, ಒಂದು ಸುತ್ತು ಹೋಗುವ."