ಎರಡನೇ ನಗು

ನಮ್ಮ ಚಾಮರಾಜಪೇಟೆಯ ಟಾಕೀಸಿನಲ್ಲಿ ಬಾಗಿಲು ಕಾಯುತ್ತಿದ್ದವರೊಬ್ಬರು ಪರದೆಗೆ ಬೆನ್ನು ಹಾಕಿಯೇ ನಿಲ್ಲುತ್ತಿದ್ದರು. ಕೈಯಲ್ಲಿ ಟಾರ್ಚು, ಕಿವಿ ಜನರ ಕಡೆ. ಹೊಸ ತಮಿಳು ಪಿಕ್ಚರ್ ಓಡುತ್ತದೋ ಇಲ್ಲವೋ ಎಂದು ಯಾರು ಕೇಳಿದರೂ ಒಂದೇ ಮಾತು: "ಎರಡನೇ ನಗು ಬರ್ಲಿ, ಹೇಳ್ತೀನಿ."

ಮೊದಲನೇ ನಗು ತಮಿಳು ಬಲ್ಲವರದು. ಅವರು ಪಕ್ಕದವರಿಗೆ ಕನ್ನಡದಲ್ಲಿ ಹೇಳಿದ ಮೇಲೆ ಬರುವುದು ಎರಡನೆಯದು. ಅದು ಬಂದರೆ ಪಿಕ್ಚರ್ ಗೆದ್ದಂತೆ.

ತೊಂಬತ್ತರ ದಶಕದಲ್ಲಿ ಹೊಡೆದಾಟ, ಹಾಸ್ಯ ಎರಡೂ ಬೆರೆತ ಒಂದು ತಮಿಳು ಪಿಕ್ಚರ್ ಬಂತು. ಪೇಪರಿನವರು ಬೈದಿದ್ದರು, ಅರ್ಧ ಕುರ್ಚಿ ಖಾಲಿ. ಶುಕ್ರವಾರ ಎತ್ತಿಬಿಡ್ತೀನಿ ಎಂದ ಮ್ಯಾನೇಜರನ್ನು ಅವರು ಮ್ಯಾಟಿನಿಯಲ್ಲಿ ಬಾಗಿಲ ಬಳಿ ನಿಲ್ಲಿಸಿಕೊಂಡರು. "ನೋಡ್ಬೇಡಿ ಸಾರ್, ಕೇಳಿ."

ಪರದೆಯ ಮೇಲೆ ಹೀರೋನ ಕಾಲರಿಗೆ ರೌಡಿ ಕೈ ಹಾಕಿದ. ಹೀರೋ ಮೆಲ್ಲಗೆ ಏನೋ ಹೇಳಿದ. ಮುಂದಿನ ಸಾಲುಗಳು ನಕ್ಕವು. ಆಮೇಲೆ ಪಿಸುಪಿಸು. ಆಮೇಲೆ ಇಡೀ ಟಾಕೀಸು ನಕ್ಕಿತು. ಮ್ಯಾನೇಜರು ಆಫೀಸಿಗೆ ಹೋದರು. ಆ ಶುಕ್ರವಾರ ಪೋಸ್ಟರ್ ಬದಲಾಗಲಿಲ್ಲ.

ಅವತ್ತು ಮ್ಯಾನೇಜರು ಅತ್ತ ಹೋದ ಕೂಡಲೇ, ಕೊನೇ ಸಾಲಿನಲ್ಲಿ ಕೂತು ಇದನ್ನೆಲ್ಲ ನೋಡಿದ್ದ ನಾನು ಬಾಗಿಲಿನವರಿಗೆ, "ನಿಮ್ಗೆ ತಮಿಳು ಚೆನ್ನಾಗಿ ಬರುತ್ತೆ ಅನ್ಸುತ್ತೆ," ಎಂದೆ.

"ಒಂದಕ್ಷರ ಬರಲ್ಲ," ಎಂದವರು ಟಾರ್ಚನ್ನು ಕಂಕುಳಿಗೆ ಸಿಕ್ಕಿಸಿ ನನ್ನತ್ತ ಬಾಗಿದರು. "ಆ ಹೀರೋ ಏನಂದ, ಹೇಳಿ."

"'ನಿಧಾನಕ್ಕೆ ಹೊಡೀಪ್ಪಾ, ಶರ್ಟು ನಮ್ಮ ಮಾವಂದು' ಅಂದ."

ಅಷ್ಟು ಹೊತ್ತಿಗೆ ಪರದೆಯ ಮೇಲೆ ಹೀರೋನ ತಾಯಿ ಅಳುತ್ತಿದ್ದಳು. ಟಾಕೀಸೆಲ್ಲ ಗಪ್‌ಚಿಪ್ಪಾಗಿತ್ತು. ಬಾಗಿಲ ಬಳಿಯಿಂದ ಮೂರನೇ ನಗು ಬಂತು.