ಎಣ್ಣೆ ಕುಡಿಯುವ ಕತ್ತಿ

ಮದ್ದೂರಿನ ಹುಣಸೆಮರದಡಿ ಕೂತು ಕ್ಷೌರ ಮಾಡುವ ಚಿಕ್ಕಬೋರಯ್ಯನಿಗೆ ತುಕ್ಕಿಗಿಂತ ದೊಡ್ಡ ವೈರಿ ಇಲ್ಲ. ಕೊಪ್ಪದಲ್ಲಿ ಯಾರಾದರೂ ಸೀನಿದರೆ ಸಾಕು, ಇಲ್ಲಿ ಇವನು ಕತ್ತಿ ಒರೆಸತೊಡಗುತ್ತಾನೆ. ಯುದ್ಧ ಬಂದು ಮನೆಯ ದೀಪಕ್ಕೇ ಎಣ್ಣೆ ಸಿಗದಿರುವಾಗಲೂ ಕತ್ತಿಗೆ ಹರಳೆಣ್ಣೆ ತಪ್ಪಿಲ್ಲ. ಸವರಿ, ಹಳೇ ಪಂಚೆಯ ಚೂರಿನಲ್ಲಿ ಹಸುಗೂಸಿನಂತೆ ಸುತ್ತಿ ಮಲಗಿಸುತ್ತಾನೆ. ಊರಿನವರ ಕೆನ್ನೆಯಲ್ಲಿ ಮುಖ ನೋಡಿಕೊಳ್ಳಬಹುದು, ಇವನ ಗಡ್ಡ ಮಾತ್ರ ಎದೆ ಮುಟ್ಟಿದೆ. "ಲೇ ಬೋರ, ನಿನ್ ಗಡ್ಡದಾಗೆ ಗುಬ್ಬಿ ಗೂಡು ಕಟ್ಟವೆ ಕಣ್ಲಾ!" ಎಂದು ಹಲಗೆಯ ಮೇಲೆ ಕೂತ ದೊಡ್ಡಬೀರಯ್ಯ ಕೆಣಕಿದರೆ, "ಮರಿ ಹಾರೋಗ್ಲಿ ಬುಡಣ್ಣ, ನೀನು ಕತ್ತು ಅಲ್ಲಾಡಿಸ್ಬ್ಯಾಡ" ಎನ್ನುತ್ತಾನೆ. ಕ್ಷೌರದವನು ತನ್ನ ಗಡ್ಡ ತಾನೇ ತೆಗೆದುಕೊಳ್ಳಬಾರದು ಎಂಬುದು ಇವನ ಕಟ್ಟಳೆ. ಪ್ರತಿ ಸೋಮವಾರ ಸಂಜೆ ಪಕ್ಕದಲ್ಲೇ ಹಲಗೆ ಹಾಕಿ ಕ್ಷೌರ ಮಾಡುತ್ತಿದ್ದ ಮಾದಯ್ಯ ಇವನಿಗೆ, ಇವನು ಮಾದಯ್ಯನಿಗೆ ಕ್ಷೌರ ಮಾಡುತ್ತ ಮೂವತ್ತು ವರ್ಷ ಕಳೆದಿದ್ದರು. ಮಾದಯ್ಯ ತೀರಿಕೊಂಡು ಎರಡು ವರ್ಷವಾಯಿತು. ಇಷ್ಟೆಲ್ಲ ಎಣ್ಣೆ ಕುಡಿಯುವ ಕತ್ತಿ ಅವನದು. ದಿನವೂ ದುಡಿಯುವ ಇವನ ಕತ್ತಿಗೆ ತುಕ್ಕು ಹಿಡಿಯಲು ಪುರುಸೊತ್ತೆಲ್ಲಿ? ಈಗಲೂ ಸೋಮವಾರ ಸಂಜೆ ಗಿರಾಕಿಗಳೆಲ್ಲ ಹೋದ ಮೇಲೆ ಚಿಕ್ಕಬೋರಯ್ಯ ಆ ಕತ್ತಿಯನ್ನು ಮಸೆದು ಪಕ್ಕಕ್ಕಿಟ್ಟು, ಗಿರಾಕಿಯ ಹಲಗೆಯ ಮೇಲೆ ತಾನೇ ಕೂತು, ಕಣ್ಣು ಮುಚ್ಚಿ, ಗದ್ದ ಎತ್ತಿ, ಒಂದಷ್ಟು ಹೊತ್ತು ಅಲ್ಲಾಡದೆ ಇರುತ್ತಾನೆ. ಆಮೇಲೆ ಎದ್ದು, ಯಾರ ಗಡ್ಡವನ್ನೂ ಮುಟ್ಟದ ಕತ್ತಿಯನ್ನು ಚೆನ್ನಾಗಿ ಒರೆಸಿ, ಎಣ್ಣೆ ಸವರಿ ಸುತ್ತಿಡುತ್ತಾನೆ.